ಕ್ಯಾಸಿನೊ

ಸರ್ಕಾರದ ಪರವಾನಗಿ ಪಡೆದು, ಹಣ ಪಣಕ್ಕಿಟ್ಟು ಆಡುವ ಅದೃಷ್ಟದಾಟಗಳನ್ನು ಗೊತ್ತಾದ ನಿಯಮಗಳ ಪ್ರಕಾರ ನಡೆಸುವ ವಾಣಿಜ್ಯ ಸಂಸ್ಥೆಗೆ ಕ್ಯಾಸಿನೊ ಎಂದು ಹೆಸರು. ಗುಟ್ಟಾಗಿ ನಡೆಯುವ ಇಸ್ಪೀಟು ಅಡ್ಡೆಗೂ ಇದಕ್ಕೂ ಇರುವ ವ್ಯತ್ಯಾಸ ಪರವಾನಗಿಯೊಂದೇ ಅಲ್ಲ. ಅಡ್ಡೆಯಲ್ಲಿ ಆಟಗಾರರು ಪರಸ್ಪರ ಆಡುತ್ತಾರೆ, ಜಾಗ ಕೊಟ್ಟವನು ಪ್ರತಿ ಆಟಕ್ಕೆ ಇಷ್ಟೆಂದು ಪಾಲು ಎತ್ತುತ್ತಾನೆ. ಕ್ಯಾಸಿನೊದ ಹೆಚ್ಚಿನ ಆಟಗಳಲ್ಲಿ ಎದುರಾಳಿ ಸಂಸ್ಥೆಯೇ. ಆಟಗಾರ ಸೋತದ್ದು ಸಂಸ್ಥೆಗೆ ಸೇರುತ್ತದೆ, ಗೆದ್ದರೆ ಸಂಸ್ಥೆ ತನ್ನ ಗಲ್ಲಾದಿಂದ ಕೊಡಬೇಕು. ಪ್ರತಿ ಬಾಜಿಯಲ್ಲೂ ಸಂಸ್ಥೆಗೆ ಸ್ವಲ್ಪವೇ ಅನುಕೂಲ ಇರುವಂತೆ ಆಟದ ಲೆಕ್ಕ ಹಾಕಿರುತ್ತಾರೆ. ಆ ಸ್ವಲ್ಪ ಎಷ್ಟಾಗಿ ಬೆಳೆಯುತ್ತದೆ ಎಂಬುದನ್ನು ಆಟಗಾರ ಮೇಜಿನ ಮುಂದೆ ಕಳೆಯುವ ಹೊತ್ತು ನಿರ್ಧರಿಸುತ್ತದೆ. ಕ್ಯಾಸಿನೊದ ಕಟ್ಟಡ, ಊಟೋಪಚಾರ, ರಿಯಾಯಿತಿ, ಮನರಂಜನೆಗಳ ಏರ್ಪಾಡೆಲ್ಲ ಈ ಹೊತ್ತನ್ನು ಹಿಗ್ಗಿಸುವುದಕ್ಕಾಗಿಯೇ ಇದೆ.

ಉಗಮ ಮತ್ತು ಬೆಳವಣಿಗೆ

ಜೂಜಿನ ಚಟ ಬಹಳ ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲನ್ನು ಹೇಳುವ ಅಕ್ಷಸೂಕ್ತವಿದೆ. ಮಹಾಭಾರತದ ಕಥೆ ತಿರುವು ಪಡೆಯುವುದೇ ದ್ಯೂತದಿಂದ. ಆದರೆ ಕ್ಯಾಸಿನೊದ ಪೂರ್ವರೂಪವನ್ನು ಹುಡುಕುವವರು ನೋಡಬೇಕಾದದ್ದು ಕೌಟಿಲ್ಯನ ಅರ್ಥಶಾಸ್ತ್ರವನ್ನು. ಜೂಜು ಒಂದೇ ಕಡೆ, ದ್ಯೂತಾಧ್ಯಕ್ಷನ ಉಸ್ತುವಾರಿಯಲ್ಲಿ ನಡೆಯಬೇಕು, ದಾಳಗಳನ್ನು ಅವನೇ ಬಾಡಿಗೆಗೆ ಕೊಡಬೇಕು, ಗೆದ್ದವರಿಂದ ನೂರಕ್ಕೆ ಐದರಂತೆ ವಸೂಲು ಮಾಡಬೇಕು ಎಂದು ಅದು ವಿಧಿಸುತ್ತದೆ. ನಿಷೇಧಿಸಲಾಗದ್ದನ್ನು ಒಂದು ಚಾವಣಿಯಡಿ ತಂದು ತೆರಿಗೆ ಹಾಕುವ ಇಂದಿನ ನೀತಿಯ ತಿರುಳು ಇದೇ.

ಯುರೋಪಿನಲ್ಲಿ ಸರ್ಕಾರವೇ ಸಾರ್ವಜನಿಕರಿಗಾಗಿ ತೆರೆದ ಮೊದಲ ಜೂಜುಮನೆ ವೆನಿಸ್ ನಗರದ ರಿಡೊಟ್ಟೊ (1638). ಶ್ರೀಮಂತ ಮನೆತನಗಳು ಅಲ್ಲಿ ದಿವಾಳಿಯಾಗತೊಡಗಿದ್ದರಿಂದ 1774ರಲ್ಲಿ ಅದನ್ನು ಮುಚ್ಚಲಾಯಿತು. 1843ರಲ್ಲಿ ಜರ್ಮನಿಯ ಹೊಂಬುರ್ಗ್‌ನಲ್ಲಿ ಫ್ರಾನ್ಸ್ವಾ ಮತ್ತು ಲೂಯಿ ಬ್ಲಾಂಕ್ ಸೋದರರು ಒಂದೇ ಸೊನ್ನೆಯ ರೂಲೆಟ್ ಚಕ್ರವನ್ನು ಬಳಕೆಗೆ ತಂದರು. ಫ್ರಾನ್ಸ್ವಾ ಬ್ಲಾಂಕ್ 1863ರಲ್ಲಿ ಮೊನಾಕೊದ ಜೂಜಿನ ಗುತ್ತಿಗೆ ಹಿಡಿದು, ಅಲ್ಲಿನ ಮಾಂಟೆಕಾರ್ಲೊವನ್ನು ಯುರೋಪಿನ ಸಿರಿವಂತರ ಬೀಡಾಗಿಸಿದ. ಕ್ಯಾಸಿನೊದ ವರಮಾನ ಕೈಸೇರಿದ ಮೇಲೆ ಆ ಪುಟ್ಟ ಸಂಸ್ಥಾನ ತನ್ನ ಪ್ರಜೆಗಳ ಮೇಲಿನ ತೆರಿಗೆಯನ್ನು ಕೈಬಿಟ್ಟಿತು, ಆದರೆ ಅದೇ ಪ್ರಜೆಗಳು ಕ್ಯಾಸಿನೊದಲ್ಲಿ ಆಡದಂತೆ ತಡೆಯಿತು.

ಅಮೆರಿಕದ ನೆವಾಡ ರಾಜ್ಯ ಆರ್ಥಿಕ ಮಹಾಕುಸಿತದ ನಡುವೆ, 1931ರಲ್ಲಿ, ಜೂಜನ್ನು ಕಾನೂನುಬದ್ಧಗೊಳಿಸಿತು. ಲಾಸ್ ವೇಗಸ್ ನಗರ ಬೆಳೆದದ್ದು ಆ ನಿರ್ಧಾರದ ಮೇಲೆ. 1946ರಲ್ಲಿ ತೆರೆದ ಫ್ಲೆಮಿಂಗೊ ಹೋಟೆಲಿನಂಥವುಗಳ ಹಿಂದೆ ಸಂಘಟಿತ ಅಪರಾಧಿಗಳ ಹಣವಿತ್ತು. ಮುಂದೆ ದೊಡ್ಡ ಕಂಪನಿಗಳು ಬಂದು, 1989ರ ಮಿರಾಜ್‌ನಿಂದಾಚೆಗೆ ಹೋಟೆಲು, ರಂಗಪ್ರದರ್ಶನ, ಅಂಗಡಿ ಸಾಲು, ಜೂಜು ಎಲ್ಲ ಒಂದೇ ಆವರಣದಲ್ಲಿರುವ ಭಾರಿ ರೆಸಾರ್ಟುಗಳ ಕಾಲ ಶುರುವಾಯಿತು. ಚೀನಾದ ಮಕಾವು 1847ರಲ್ಲೇ, ಪೋರ್ಚುಗೀಸರ ಆಡಳಿತದಲ್ಲಿ, ಜೂಜಿಗೆ ಒಪ್ಪಿಗೆ ಕೊಟ್ಟಿತ್ತು. 1962ರಿಂದ ಸ್ಟ್ಯಾನ್ಲಿ ಹೊ ಅವರ ಸಂಸ್ಥೆಗಿದ್ದ ಏಕಸ್ವಾಮ್ಯ 2002ರಲ್ಲಿ ಕೊನೆಗೊಂಡು ವಿದೇಶಿ ಕಂಪನಿಗಳು ಬಂದವು. 2006ರ ಹೊತ್ತಿಗೆ ಜೂಜಿನ ವರಮಾನದಲ್ಲಿ ಮಕಾವು ಲಾಸ್ ವೇಗಸ್‌ನ ಮುಖ್ಯ ಬೀದಿಯನ್ನು ಹಿಂದೆ ಹಾಕಿತು.

ವರಮಾನದ ಲೆಕ್ಕ

ಪ್ರತಿ ಬಾಜಿಯಲ್ಲಿ ಸರಾಸರಿಯಾಗಿ ಸಂಸ್ಥೆಯ ಕೈಯಲ್ಲೇ ಉಳಿಯುವ ಪ್ರಮಾಣವನ್ನು ಹೌಸ್ ಎಡ್ಜ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಸಂಸ್ಥೆಯ ಪಾಲು’ ಎಂದು ಕರೆಯಲಾಗಿದೆ.

ರೂಲೆಟ್ ಇದಕ್ಕೆ ತಿಳಿಯಾದ ಉದಾಹರಣೆ. ಯುರೋಪಿನ ಮಾದರಿಯ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳಿವೆ. ಒಂದು ಸಂಖ್ಯೆಯ ಮೇಲೆ 100 ರೂಪಾಯಿ ಕಟ್ಟಿ ಗೆದ್ದವನಿಗೆ 3,500 ರೂಪಾಯಿ ಗೆಲುವಿನ ಹಣದ ಜೊತೆ ಕಟ್ಟಿದ 100 ರೂಪಾಯಿಯೂ ವಾಪಸು ಸಿಗುತ್ತದೆ. ಈಗ 37 ಮಂದಿ ಒಬ್ಬೊಬ್ಬರೂ ಒಂದೊಂದು ಸಂಖ್ಯೆಗೆ 100 ರೂಪಾಯಿ ಕಟ್ಟಿದರು ಎನ್ನೋಣ. ಮೇಜಿನ ಮೇಲೆ ಬಿದ್ದದ್ದು 3,700. ಗುಂಡು ಯಾವ ಮನೆಯಲ್ಲಿ ನಿಂತರೂ ಹೊರಹೋಗುವುದು 3,600. ಉಳಿದ 100 ರೂಪಾಯಿ, ಅಂದರೆ ಶೇ 2.7, ಸಂಸ್ಥೆಯ ಪಾಲು. ಅಮೆರಿಕದ ಚಕ್ರದಲ್ಲಿ ಜೋಡಿ ಸೊನ್ನೆಯ ಇನ್ನೊಂದು ಮನೆಯಿದ್ದು ಒಟ್ಟು 38 ಆಗುತ್ತವೆ. ಗೆಲುವಿನ ದರ ಮಾತ್ರ ಅಷ್ಟೇ ಇರುವುದರಿಂದ ಸಂಸ್ಥೆಯ ಪಾಲು ಶೇ 5.26ಕ್ಕೆ ಏರುತ್ತದೆ. ಕೆಂಪು-ಕಪ್ಪು, ಸರಿ-ಬೆಸ ಎಂದು ಕಟ್ಟಿದರೂ ಈ ಪಾಲು ತಪ್ಪುವುದಿಲ್ಲ. ಸೊನ್ನೆ ಬಂದಾಗ ಆ ಎರಡೂ ಕಡೆಯವರು ಸೋಲುತ್ತಾರೆ.

ಶೇ 2.7 ಎಂಬುದು ಕೇಳಲು ಅಲ್ಪ. ಅದು ದೊಡ್ಡದಾಗುವುದು ಕಾಲದ ಜೊತೆ ಗುಣಿಸಿದಾಗ. ಪ್ರತಿ ಸಲ 1,000 ರೂಪಾಯಿ ಕಟ್ಟುವ ಆಟಗಾರ ಗಂಟೆಗೆ 40 ಸುತ್ತಿನಂತೆ ನಾಲ್ಕು ಗಂಟೆ ಆಡಿದರೆ ಒಟ್ಟು ಕಟ್ಟಿದ್ದು 1,60,000 ರೂಪಾಯಿ. ಅದರ ಶೇ 2.7 ಎಂದರೆ 4,320 ರೂಪಾಯಿ. ಅವನು ಮನೆಯಿಂದ ತಂದದ್ದು 10,000 ರೂಪಾಯಿಯೇ ಇರಬಹುದು. ಗೆದ್ದದ್ದನ್ನೇ ಮತ್ತೆ ಮತ್ತೆ ಕಟ್ಟುತ್ತ ಹೋದದ್ದರಿಂದ ಅದು ಹದಿನಾರು ಪಟ್ಟು ತಿರುಗಿರುತ್ತದೆ. ಈ 4,320 ಆ ದಿನದ ನಿಜವಾದ ಸೋಲಲ್ಲ. ಅವನು ಗೆದ್ದೂ ಹೋಗಬಹುದು, ಎಲ್ಲವನ್ನೂ ಕಳೆದುಕೊಂಡೂ ಹೋಗಬಹುದು. ಸಾವಿರಾರು ಆಟಗಾರರು, ಲಕ್ಷಾಂತರ ಸುತ್ತುಗಳು ಸೇರಿದಾಗ ಸರಾಸರಿ ಆ ಅಂಕಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಸಂಭವನೀಯತಾ ಶಾಸ್ತ್ರ ಇದನ್ನು ಬೃಹತ್ ಸಂಖ್ಯೆಗಳ ನಿಯಮ ಎನ್ನುತ್ತದೆ. ಅದೃಷ್ಟದ ಏರಿಳಿತ ಆಟಗಾರನಿಗಿದೆ, ಸಂಸ್ಥೆಗೆ ಅದು ಬಹುಮಟ್ಟಿಗೆ ಇಲ್ಲ.

ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡಿದರೆ ಕೊನೆಗೊಮ್ಮೆ ಗೆದ್ದೇ ತೀರಬೇಕಲ್ಲ ಎಂಬ ಉಪಾಯ ಬಹಳ ಹಳೆಯದು, ಇಂದಿಗೂ ಚಲಾವಣೆಯಲ್ಲಿದೆ. 500 ರೂಪಾಯಿಯಿಂದ ಆರಂಭಿಸಿ ಸತತ ಎಂಟು ಸಲ ಸೋತವನು ಅಷ್ಟರಲ್ಲಿ 1,27,500 ರೂಪಾಯಿ ಕಳೆದುಕೊಂಡಿರುತ್ತಾನೆ. ಒಂಬತ್ತನೆಯ ಬಾಜಿಗೆ 1,28,000 ಬೇಕು. ಗೆದ್ದರೂ ಒಟ್ಟು ಲಾಭ 500 ರೂಪಾಯಿ ಮಾತ್ರ. ಅಷ್ಟು ಹಣವಿದ್ದರೂ ಪ್ರತಿ ಮೇಜಿಗೂ ಗರಿಷ್ಠ ಪಣದ ಮಿತಿ ಇರುವುದರಿಂದ ಉಪಾಯ ಅಲ್ಲಿಗೆ ಮುರಿಯುತ್ತದೆ. ಹಿಂದಿನ ಫಲಿತಾಂಶಗಳು ಮುಂದಿನದನ್ನು ಸೂಚಿಸುತ್ತವೆ ಎಂಬ ನಂಬಿಕೆಯೂ ಇಷ್ಟೇ ಟೊಳ್ಳು. 1913ರ ಆಗಸ್ಟ್ 18ರಂದು ಮಾಂಟೆಕಾರ್ಲೊದ ಒಂದು ಮೇಜಿನಲ್ಲಿ ಗುಂಡು ಸತತ 26 ಸಲ ಕಪ್ಪು ಮನೆಗೇ ಬಿತ್ತು. ಇನ್ನು ಕೆಂಪು ಬರಲೇಬೇಕು ಎಂದು ಕಟ್ಟುತ್ತ ಹೋದವರು ಭಾರಿ ಹಣ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ. ಹಾಗಿದ್ದೂ ಇಂದಿನ ಮೇಜುಗಳ ಪಕ್ಕದಲ್ಲಿ ಹಿಂದಿನ ಇಪ್ಪತ್ತು ಫಲಿತಾಂಶಗಳನ್ನು ತೋರಿಸುವ ಫಲಕ ಬೆಳಗುತ್ತಿರುತ್ತದೆ.

ಆಟಗಳ ಬಗೆ

ಕ್ಯಾಸಿನೊ ಆಟಗಳು ಮೇಜಿನ ಆಟ, ಯಂತ್ರದ ಆಟ ಎಂದು ಎರಡು ಗುಂಪಾಗುತ್ತವೆ. ಮೇಜಿನ ಆಟಗಳಲ್ಲಿ ರೂಲೆಟ್ ಅಲ್ಲದೆ ಬ್ಲ್ಯಾಕ್‌ಜ್ಯಾಕ್, ಬ್ಯಾಕರಾ, ದಾಳದ ಆಟವಾದ ಕ್ರ್ಯಾಪ್ಸ್ ಮುಖ್ಯವಾದವು. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಎಲೆಗಳ ಮೊತ್ತ 21 ದಾಟದಂತೆ, ಸಂಸ್ಥೆಯ ಪರವಾಗಿ ಎಲೆ ಹಂಚುವ ಡೀಲರನನ್ನು ಮೀರಿಸಬೇಕು. ಆಟಗಾರ ಮೊದಲು ಆಡಬೇಕಾದ್ದರಿಂದ, ಇಬ್ಬರೂ 21 ದಾಟಿದಾಗ ಸೋಲು ಆಟಗಾರನದೇ. ಸಂಸ್ಥೆಯ ಪಾಲು ಹುಟ್ಟುವುದು ಇಲ್ಲಿಂದ. ಲೆಕ್ಕಾಚಾರದಿಂದ ಆಡುವವರ ಎದುರು ಅದು ಶೇ 0.5ರ ಆಸುಪಾಸಿಗೆ ಇಳಿಯುತ್ತದೆ. ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರ ತಮ್ಮ ಪುಸ್ತಕದಲ್ಲಿ, ಬಿದ್ದ ಎಲೆಗಳ ಲೆಕ್ಕವಿಟ್ಟರೆ ಅನುಕೂಲ ಆಟಗಾರನ ಕಡೆಗೇ ವಾಲಬಹುದು ಎಂದು ತೋರಿಸಿದರು. ಅನಂತರ ಕ್ಯಾಸಿನೊಗಳು ಹಲವು ಕಟ್ಟುಗಳನ್ನು ಬೆರೆಸಿ ಆಡಿಸತೊಡಗಿದವು, ಲೆಕ್ಕ ಇಡುವವರನ್ನು ಗುರುತಿಸಿ ಹೊರಗೆ ಕಳಿಸತೊಡಗಿದವು. ಮಕಾವುವಿನ ಮುಖ್ಯ ಆಟವಾದ ಬ್ಯಾಕರಾದಲ್ಲಿ, ಎಲೆ ಹಾಕುವ ಎರಡು ಕಡೆಗಳ ಪೈಕಿ ಯಾವುದು ಗೆಲ್ಲುತ್ತದೆಂದು ಪಣ ಕಟ್ಟುತ್ತಾರೆ. ಅದರಲ್ಲಿ ‘ಬ್ಯಾಂಕರ್’ ಮೇಲಿನ ಬಾಜಿಗೆ ಸಂಸ್ಥೆಯ ಪಾಲು ಶೇ 1.06, ‘ಪ್ಲೇಯರ್’ ಮೇಲೆ ಶೇ 1.24. ಎರಡೂ ಸಮವಾಗುತ್ತವೆ ಎಂದು ಕಟ್ಟಿದರೆ ಶೇ 14ಕ್ಕೂ ಹೆಚ್ಚು. ಎಂಟು ಪಟ್ಟು ಗೆಲುವಿನ ಆಸೆ ತೋರಿಸುವ ಬಾಜಿಯೇ ಎಲ್ಲಕ್ಕಿಂತ ದುಬಾರಿ.

ಭಾರತದ ಕ್ಯಾಸಿನೊಗಳಲ್ಲಿ ತೀನ್ ಪತ್ತಿ ಮತ್ತು ಅಂದರ್ ಬಾಹರ್ ಮೇಜುಗಳು ಇರಲೇಬೇಕು. ಕರ್ನಾಟಕದ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಆಗಾಗ ಕಾಣಿಸುವ ಅಂದರ್ ಬಾಹರ್ ಬಹಳ ಸರಳ. ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಎಲೆ ಬರುವವರೆಗೂ ಒಳಗೆ-ಹೊರಗೆ ಎಂದು ಎರಡು ಕಡೆಗೆ ಒಂದೊಂದಾಗಿ ಎಲೆ ಹಾಕುತ್ತ ಹೋಗುತ್ತಾರೆ. ನೋಡುವುದಕ್ಕೆ ಎರಡೂ ಕಡೆ ಸಮಸಮ. ವಾಸ್ತವದಲ್ಲಿ ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಂಭವ ಸುಮಾರು ಶೇ 51.5. ಆದ್ದರಿಂದ ಆ ಕಡೆ ಗೆದ್ದವರಿಗೆ 100ಕ್ಕೆ 90ರಂತೆ, ಇನ್ನೊಂದು ಕಡೆ ಗೆದ್ದವರಿಗೆ 100ಕ್ಕೆ 100ರಂತೆ ಕೊಡುವ ಪದ್ಧತಿ ಇದೆ. ಈ ದರದಲ್ಲಿ ಸಂಸ್ಥೆಯ ಪಾಲು ಮೊದಲ ಕಡೆಯ ಬಾಜಿಯಲ್ಲಿ ಶೇ 2ರ ಮೇಲೆ, ಇನ್ನೊಂದರಲ್ಲಿ ಶೇ 3ರ ಹತ್ತಿರ. ಪೋಕರ್ ಮಾತ್ರ ಬೇರೆ ಜಾತಿಯದು. ಅಲ್ಲಿ ಆಟಗಾರರು ತಮ್ಮತಮ್ಮಲ್ಲೇ ಆಡುತ್ತಾರೆ, ಸಂಸ್ಥೆ ಪ್ರತಿ ಆಟದ ಮೊತ್ತದಿಂದ ಸಣ್ಣ ಭಾಗವನ್ನು ಎತ್ತಿಕೊಳ್ಳುತ್ತದೆ.

ಯಂತ್ರದ ಆಟವೆಂದರೆ ಮುಖ್ಯವಾಗಿ ಸ್ಲಾಟ್. ಸ್ಯಾನ್‌ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ 19ನೆಯ ಶತಮಾನದ ಕೊನೆಯಲ್ಲಿ ಮಾಡಿದ ಮೂರು ಉರುಳೆಗಳ ಲಿಬರ್ಟಿ ಬೆಲ್ ಇದರ ಮೂಲ. ಇಂದಿನ ಯಂತ್ರದಲ್ಲಿ ಫಲಿತಾಂಶವನ್ನು ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ತಂತ್ರಾಂಶ ನಿರ್ಧರಿಸುತ್ತದೆ. ಗುಂಡಿ ಒತ್ತಿದ ಕ್ಷಣವೇ ಅದು ತೀರ್ಮಾನವಾಗಿರುತ್ತದೆ, ಆಮೇಲೆ ಉರುಳೆ ತಿರುಗುವುದು ನೋಟಕ್ಕಷ್ಟೇ. ಯಂತ್ರಗಳು ಕಟ್ಟಿದ ಹಣದ ಕನಿಷ್ಠ ಶೇ 75ನ್ನು ಒಟ್ಟಾರೆ ಹಿಂದಿರುಗಿಸಬೇಕೆಂದು ನೆವಾಡದ ನಿಯಮ ಹೇಳುತ್ತದೆ. ಯಂತ್ರಗಳು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಕೊಡುತ್ತವೆ. ಆದರೂ ನಿಮಿಷಕ್ಕೆ ಹತ್ತಾರು ಬಾಜಿ ನಡೆಯುವುದರಿಂದ ಜೇಬು ಬರಿದಾಗುವ ವೇಗ ಮೇಜಿನ ಆಟಗಳಿಗಿಂತ ಜಾಸ್ತಿ.

ಒಳಾಡಳಿತ ಮತ್ತು ಕಾವಲು

ಮೇಜುಗಳ ಒಂದು ಗುಂಪಿಗೆ ಪಿಟ್ ಎಂದೂ ಅದರ ಮೇಲ್ವಿಚಾರಕನಿಗೆ ಪಿಟ್ ಬಾಸ್ ಎಂದೂ ಹೆಸರು. ಹಣಕ್ಕೆ ಚಿಪ್ಪು (ಪಣಕ್ಕಿಡುವ ಬಿಲ್ಲೆ), ಚಿಪ್ಪಿಗೆ ಹಣ ಕೊಡುವ ಕಟಕಟೆಯೇ ಕೇಜ್. ಎಲೆ ಹಂಚುವ, ಚಕ್ರ ತಿರುಗಿಸುವ ನೌಕರ ಡೀಲರ್. ಡೀಲರನ ಪ್ರತಿ ಚಲನೆಗೂ ವಿಧಿಯುಂಟು. ಆಟಗಾರ ಕೊಡುವ ನೋಟನ್ನು ಅವನು ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ. ಮೇಜಿನ ಮೇಲಿಟ್ಟ ನೋಟುಗಳನ್ನು ಕ್ಯಾಮೆರಾಕ್ಕೆ ಕಾಣುವಂತೆ ಸಾಲಾಗಿ ಹರಡಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಮೇಲ್ವಿಚಾರಕ ಒಪ್ಪಿದ ಮೇಲೆ ಅಷ್ಟು ಚಿಪ್ಪುಗಳನ್ನು ಎಣಿಸಿ ಕೊಡುತ್ತಾನೆ. ನೋಟುಗಳನ್ನು ಒಂದು ಚಪ್ಪಟೆ ಪಟ್ಟಿಯಿಂದ ಸೀಳಿನೊಳಗೆ ತಳ್ಳಿ, ಮೇಜಿನ ಕೆಳಗೆ ಬೀಗ ಹಾಕಿದ ಪೆಟ್ಟಿಗೆಗೆ ಬೀಳಿಸುತ್ತಾನೆ. ಪಾಳಿ ಮುಗಿಸಿ ಮೇಜು ಬಿಡುವಾಗ ಎರಡೂ ಅಂಗೈಗಳನ್ನು ತೆರೆದು, ತಿರುಗಿಸಿ ತೋರಿಸಿ ಹೋಗುತ್ತಾನೆ. ಚಾವಣಿಯ ಕ್ಯಾಮೆರಾಗಳನ್ನು ನೋಡುವ ಕಾವಲು ವಿಭಾಗವನ್ನು ಆಟದ ವಿಭಾಗದಿಂದ ಬೇರೆಯಾಗಿಡುವುದು ರೂಢಿ. ಅದು ಆಟಗಾರರನ್ನು ಗಮನಿಸುವಷ್ಟೇ ನಿಗಾದಿಂದ ನೌಕರರನ್ನೂ ಗಮನಿಸುತ್ತದೆ.

ಆಟಗಾರರನ್ನು ಸೆಳೆಯುವ ಬಗೆ

ಮೊದಲ ಸೆಳೆತ ಜೂಜೇತರವಾದದ್ದು. ಊಟ, ಮದ್ಯ, ಸಂಗೀತ, ನೃತ್ಯಗಳನ್ನು ಮುಂದೆ ಮಾಡಿ ಕ್ಯಾಸಿನೊವನ್ನು ಒಂದು ಸಂಜೆಯ ವಿಹಾರವೆಂಬಂತೆ ಪ್ರಚಾರ ಮಾಡಲಾಗುತ್ತದೆ. ಗೋವಾದ ಪಣಜಿಯ ಕ್ಯಾಸಿನೊ ಹಡಗುಗಳಲ್ಲಿ ಪ್ರವೇಶ ಶುಲ್ಕದಲ್ಲೇ ಊಟ, ಪಾನೀಯಗಳ ಜೊತೆಗೆ ಒಂದಿಷ್ಟು ಚಿಪ್ಪು ಕೊಡುವ ಪ್ಯಾಕೇಜುಗಳಿವೆ. ಹೀಗೆ ಬರುವ ಚಿಪ್ಪು ಹೆಚ್ಚಾಗಿ ಒಂದೇ ಸಲ ಆಡುವಂಥದ್ದು. ಅದನ್ನು ಕೇಜಿಗೆ ಒಯ್ದು ನಗದು ಮಾಡಿಕೊಳ್ಳಲಾಗದು. ಆಡಬೇಕು, ಗೆದ್ದರೆ ಮಾತ್ರ ನಗದಾಗುವ ಚಿಪ್ಪು ಸಿಗುತ್ತದೆ. ಜೂಜಾಡುವ ಉದ್ದೇಶವಿಲ್ಲದೆ ನೋಡಲೆಂದು ಬಂದವರೂ ಮೇಜಿನ ಮುಂದೆ ನಿಲ್ಲುವುದು ಹೀಗೆ.

ಹಣ ಚಿಪ್ಪಾಗಿ ಮಾರ್ಪಡುವುದೇ ಎರಡನೆಯ ಉಪಾಯ. 500 ರೂಪಾಯಿಯ ನೋಟು ಕೈಬಿಡುವಾಗ ಆಗುವ ಸಂಕಟ ಬಣ್ಣದ ಬಿಲ್ಲೆಯನ್ನು ತಳ್ಳುವಾಗ ಆಗುವುದಿಲ್ಲ. ಗೋಡೆಯಲ್ಲಿ ಗಡಿಯಾರ ಇರುವುದಿಲ್ಲ, ಕಿಟಕಿಗಳು ಅಪರೂಪ. ಹಳೆಯ ವಿನ್ಯಾಸದ ಕ್ಯಾಸಿನೊಗಳಲ್ಲಿ ಚಾವಣಿ ತಗ್ಗು, ದಾರಿ ಅಂಕುಡೊಂಕು. ಶೌಚಾಲಯಕ್ಕೋ ಊಟದ ಕೋಣೆಗೋ ಹೋಗಬೇಕಾದರೆ ಯಂತ್ರಗಳ ನಡುವೆಯೇ ಹಾಯಬೇಕು. ಕ್ಯಾಸಿನೊ ವಿನ್ಯಾಸದ ತಜ್ಞ ಬಿಲ್ ಫ್ರೀಡ್‌ಮನ್ ಈ ಚಕ್ರವ್ಯೂಹದ ಮಾದರಿಯನ್ನು ಸಮರ್ಥಿಸಿ ಬರೆದರು. ಲಾಸ್ ವೇಗಸ್‌ನಲ್ಲಿ 1998ರಲ್ಲಿ ತೆರೆದ ಬೆಲಾಜಿಯೊದ ಒಳಾಂಗಣವನ್ನು ರೂಪಿಸಿದ ರೋಜರ್ ಥಾಮಸ್ ಇದಕ್ಕೆ ವಿರುದ್ಧವಾಗಿ ಎತ್ತರದ ಚಾವಣಿ, ಹಗಲಿನ ಬೆಳಕು, ವೈಭವದ ಅಲಂಕಾರ ತಂದರು. ದಾರಿ ಬೇರೆಯಾದರೂ ಗುರಿ ಒಂದೇ: ಬಂದವರಿಗೆ ಎದ್ದು ಹೋಗಬೇಕೆನಿಸಬಾರದು.

ಸ್ಲಾಟ್ ಯಂತ್ರಗಳಲ್ಲಿ ಈ ಉದ್ದೇಶ ಅತ್ಯಂತ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಬಹುಮಾನ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದಾಗ ಪ್ರಾಣಿಗಳು ಬಿಡದೆ ಅದೇ ಕೆಲಸ ಮಾಡುತ್ತಿರುತ್ತವೆ ಎಂಬುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಿಂದ ತೋರಿಸಿದ್ದರು. ಯಂತ್ರದ ಗೆಲುವು ಬರುವುದು ಅದೇ ಕ್ರಮದಲ್ಲಿ. 1984ರಲ್ಲಿ ಇಂಗೆ ಟೆಲ್ನೆಸ್ ಪೇಟೆಂಟ್ ಪಡೆದ ತಂತ್ರದಿಂದ, ಕಣ್ಣಿಗೆ ಕಾಣುವ ಉರುಳೆಯ ಹಿಂದೆ ಹೆಚ್ಚು ಮನೆಗಳಿರುವ ಕಾಣದ ಉರುಳೆಯೊಂದನ್ನು ತಂತ್ರಾಂಶದಲ್ಲಿ ಇಡುವುದು ಸಾಧ್ಯವಾಯಿತು. ಇದರಿಂದ ದೊಡ್ಡ ಬಹುಮಾನದ ಚಿಹ್ನೆ ಗೆರೆಯ ಮೇಲೋ ಕೆಳಗೋ ಪದೇಪದೇ ಬಂದು ನಿಂತು, ಕೂದಲೆಳೆಯಲ್ಲಿ ತಪ್ಪಿತು ಎನಿಸುವಂತೆ ಮಾಡಬಹುದು. ಇನ್ನೊಂದು, ಗೆಲುವಿನ ವೇಷದ ಸೋಲು. 20 ಸಾಲುಗಳಿಗೆ ಒಂದೊಂದು ರೂಪಾಯಿ ಕಟ್ಟಿದವನಿಗೆ 8 ರೂಪಾಯಿ ಬಂದಾಗಲೂ ಯಂತ್ರ ದೀಪ ಮಿನುಗಿಸಿ ಸಂಗೀತ ನುಡಿಸುತ್ತದೆ. ಅವನು ಕಳೆದುಕೊಂಡದ್ದು 12 ರೂಪಾಯಿ. ಲಾಸ್ ವೇಗಸ್‌ನ ಯಂತ್ರದ ಜೂಜುಗಾರರನ್ನು ದೀರ್ಘಕಾಲ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ತಮ್ಮ 2012ರ ಗ್ರಂಥದಲ್ಲಿ ಕಂಡುಕೊಂಡಂತೆ, ಚಟ ಬಲಿತವರು ಆಡುವುದು ಗೆಲ್ಲುವುದಕ್ಕಾಗಿಯೂ ಅಲ್ಲ. ಹೊತ್ತು, ಹಣ, ಚಿಂತೆ ಎಲ್ಲವೂ ಮರೆಯಾಗುವ ಆ ಮಂಪರಿನಲ್ಲೇ ಉಳಿಯುವುದಕ್ಕಾಗಿ.

ಪದೇಪದೇ ಬರುವವರಿಗೆ ಸದಸ್ಯತ್ವದ ಕಾರ್ಡು ಇರುತ್ತದೆ. 1990ರ ದಶಕದ ಕೊನೆಯಲ್ಲಿ ಹಾರಾಸ್ ಎಂಬ ಕ್ಯಾಸಿನೊ ಕಂಪನಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿತು. ಸರಾಸರಿ ಪಣ, ಗಂಟೆಗೆ ಸುತ್ತು, ಆಡಿದ ಹೊತ್ತು, ಸಂಸ್ಥೆಯ ಪಾಲು ಇವನ್ನು ಗುಣಿಸಿ ಪ್ರತಿ ಆಟಗಾರನಿಂದ ನಿರೀಕ್ಷಿತ ವರಮಾನ ಎಷ್ಟೆಂದು ತೆಗೆಯುತ್ತಾರೆ. ಅದರ ಒಂದು ಭಾಗ ಉಚಿತ ಕೋಣೆ, ಊಟ, ವಿಮಾನದ ಟಿಕೆಟ್ ಆಗಿ ಮರಳುತ್ತದೆ. ಮೇಲೆ ಕೊಟ್ಟ ಉದಾಹರಣೆಯ ಆಟಗಾರನಿಗೆ ಸಾವಿರ ರೂಪಾಯಿಯ ಊಟ ಬಿಟ್ಟಿ ಸಿಕ್ಕರೆ, ಅದು 4,320 ರೂಪಾಯಿಯ ನಿರೀಕ್ಷೆಯೊಳಗಿಂದ ಬಂದದ್ದು. ಭಾರಿ ಮೊತ್ತ ಆಡುವವರನ್ನು ಕರೆತರುವುದು ಜಂಕೆಟ್ ಎಂಬ ಮಧ್ಯವರ್ತಿಗಳ ಕೆಲಸ. ಇವರು ಪ್ರಯಾಣ, ವಸತಿ, ಸಾಲ ಎಲ್ಲ ಒದಗಿಸಿ, ಸಂಸ್ಥೆಯಿಂದ ಕಮಿಷನ್ ಪಡೆದು, ಸಾಲವನ್ನೂ ವಸೂಲು ಮಾಡುತ್ತಾರೆ. ಮಕಾವುವಿನ ದೊಡ್ಡ ಜಂಕೆಟ್ ಸಂಸ್ಥೆ ಸನ್‌ಸಿಟಿಯ ಮುಖ್ಯಸ್ಥ ಆಲ್ವಿನ್ ಚಾವ್‌ಗೆ ಅಕ್ರಮ ಜೂಜು ಮೊದಲಾದ ಅಪರಾಧಗಳಿಗಾಗಿ 2023ರ ಜನವರಿಯಲ್ಲಿ 18 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಭಾರತದಲ್ಲಿ

ಸಂವಿಧಾನದ ಏಳನೆಯ ಅನುಸೂಚಿಯಂತೆ ಬಾಜಿ ಮತ್ತು ಜೂಜು ರಾಜ್ಯಪಟ್ಟಿಯ ವಿಷಯ. ಜೂಜು ವ್ಯಾಪಾರವೆಂಬ ಹೆಸರಿನಲ್ಲಿ ಸಾಂವಿಧಾನಿಕ ರಕ್ಷಣೆ ಪಡೆಯಲಾರದು ಎಂದು ಚಮರಬಾಗ್‌ವಾಲಾ ಪ್ರಕರಣದಲ್ಲಿ (1957) ಸುಪ್ರೀಂ ಕೋರ್ಟ್ ಹೇಳಿತು. ರಮ್ಮಿ (1968), ಕುದುರೆ ಪಂದ್ಯ (1996) ಮುಖ್ಯವಾಗಿ ಕೌಶಲದ ಆಟಗಳೆಂದು ಅದೇ ನ್ಯಾಯಾಲಯ ಬೇರೆ ತೀರ್ಪುಗಳಲ್ಲಿ ಗುರುತಿಸಿದೆ.

ಕ್ಯಾಸಿನೊಗಳು ನಡೆಯುತ್ತಿರುವುದು ಮುಖ್ಯವಾಗಿ ಗೋವಾ ಮತ್ತು ಸಿಕ್ಕಿಂಗಳಲ್ಲಿ. ಗೋವಾದ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಂದ ತಿದ್ದುಪಡಿಗಳು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ, ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಅವಕಾಶ ಕೊಟ್ಟವು. ಕಾಯ್ದೆಯ ಭಾಷೆಯಲ್ಲಿ ಇವು ಕಡಲ ಕ್ಯಾಸಿನೊಗಳಾದರೂ, ಹಡಗುಗಳು ಲಂಗರು ಹಾಕಿರುವುದು ಪಣಜಿಯ ಎದುರಿನ ಮಾಂಡೋವಿ ನದಿಯಲ್ಲಿ. ಜನರನ್ನು ಸಣ್ಣ ದೋಣಿಗಳು ದಡದಿಂದ ಕರೆದೊಯ್ಯುತ್ತವೆ. ಅವುಗಳನ್ನು ನದಿಯಿಂದ ತೆರವುಗೊಳಿಸಬೇಕೆಂಬ ಬೇಡಿಕೆ ಹಳೆಯದು, ಅನುಮತಿಯ ವಿಸ್ತರಣೆಯೂ ಅಷ್ಟೇ ನಿಯತವಾಗಿ ನಡೆದಿದೆ. 21 ವರ್ಷ ತುಂಬಿದವರಿಗಷ್ಟೇ ಆಡಲು ಅವಕಾಶ. ಗೋವಾದ ನಿವಾಸಿಗಳು ಆಡುವುದನ್ನು 2020ರಲ್ಲಿ ನಿಷೇಧಿಸಲಾಯಿತು. ಸಿಕ್ಕಿಂ 2002ರ ಕಾಯ್ದೆಯಡಿ ಗ್ಯಾಂಗ್ಟಕ್‌ನ ಹೋಟೆಲುಗಳಿಗೆ ಪರವಾನಗಿ ಕೊಟ್ಟಿದೆ.

ಕರ್ನಾಟಕದಲ್ಲಿ ಪರವಾನಗಿ ಪಡೆದ ಕ್ಯಾಸಿನೊ ಒಂದೂ ಇಲ್ಲ. ಇಲ್ಲಿ ಜೂಜುಕಟ್ಟೆ ನಡೆಸುವುದೂ ಅಲ್ಲಿ ಆಡುವುದೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಹಣಕ್ಕಾಗಿ ಆಡುವ ಆನ್‌ಲೈನ್ ಆಟಗಳನ್ನೂ ಸೇರಿಸಿ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಬೆಳಗಾವಿ, ಹುಬ್ಬಳ್ಳಿ, ಕಾರವಾರಗಳಿಂದ ಪಣಜಿ ಕೆಲವೇ ಗಂಟೆಗಳ ದಾರಿಯಾದ್ದರಿಂದ, ರಾಜ್ಯದ ನಿಷೇಧ ಇಲ್ಲಿಯ ಜೂಜುಗಾರರನ್ನು ಕ್ಯಾಸಿನೊದಿಂದ ದೂರ ಇಟ್ಟಿದೆ ಎನ್ನಲಾಗದು.

ನಿಯಂತ್ರಣ ಮತ್ತು ಪರಿಣಾಮ

ಕ್ಯಾಸಿನೊದಿಂದ ವರಮಾನ ಪಡೆಯುವ ನಾಡುಗಳು ತಮ್ಮವರನ್ನು ಅದರಿಂದ ದೂರವಿಡಲು ಯತ್ನಿಸುವುದು ಗಮನಾರ್ಹ. ಮೊನಾಕೊ, ನೇಪಾಳ, ಗೋವಾ ಮೂರರಲ್ಲೂ ಈ ನಿರ್ಬಂಧವಿದೆ. ದಕ್ಷಿಣ ಕೊರಿಯಾದ ಪ್ರಜೆಗಳಿಗೆ ದೇಶದ ಒಂದೇ ಕ್ಯಾಸಿನೊಗೆ ಪ್ರವೇಶ. 2010ರಲ್ಲಿ ಎರಡು ಕ್ಯಾಸಿನೊಗಳನ್ನು ತೆರೆದ ಸಿಂಗಪುರ ತನ್ನ ಪ್ರಜೆಗಳಿಂದ ಮತ್ತು ಕಾಯಂ ನಿವಾಸಿಗಳಿಂದ ಒಂದು ದಿನದ ಪ್ರವೇಶಕ್ಕೆ ಮೊದಲು 100 ಸಿಂಗಪುರ ಡಾಲರ್, 2019ರಿಂದ 150 ಡಾಲರ್ ಶುಲ್ಕ ವಸೂಲು ಮಾಡುತ್ತಿದೆ. ತನಗೆ ಪ್ರವೇಶ ಕೊಡಬೇಡಿ ಎಂದು ವ್ಯಕ್ತಿಯೇ ಬರೆದುಕೊಡಲು ಅಲ್ಲಿ ಅವಕಾಶವಿದೆ, ಮನೆಯವರೂ ಅರ್ಜಿ ಹಾಕಬಹುದು. ಭಾರತದಲ್ಲಿ ಇಂಥ ಏರ್ಪಾಡು ಬಲವಾಗಿ ಬೆಳೆದಿಲ್ಲ. ನಗದು ವ್ಯವಹಾರ ಹೆಚ್ಚಿರುವುದರಿಂದ ಕಪ್ಪುಹಣ ಬಿಳಿಯಾಗುವ ಅಪಾಯವುಂಟು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಕ್ಯಾಸಿನೊಗಳೂ ಬರುತ್ತವೆ.

ಕೈಮೀರಿದ ಜೂಜು ಒಂದು ಕಾಯಿಲೆ ಎಂಬುದು ಈಗ ವೈದ್ಯಕೀಯದ ಒಪ್ಪಿತ ನಿಲುವು. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಇದನ್ನು ಮದ್ಯ, ಮಾದಕವಸ್ತುಗಳ ಚಟದ ಜೊತೆಗೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದಕ್ಕೆ ಸ್ಥಾನವಿದೆ. ಹೋದ ಹಣವನ್ನು ಮರಳಿ ಪಡೆಯಲೆಂದೇ ಮತ್ತೆ ಆಡುವುದು, ಪಣವನ್ನು ಏರಿಸುತ್ತ ಹೋಗುವುದು, ಮನೆಯವರಿಂದ ಮುಚ್ಚಿಡುವುದು, ಸಾಲ ಮಾಡುವುದು ಇದರ ಲಕ್ಷಣಗಳು.

ಸದ್ಯದ ಸ್ಥಿತಿ

ಮಕಾವು 2022ರಲ್ಲಿ ಜೂಜಿನ ಕಾಯ್ದೆಯನ್ನು ಬಿಗಿಗೊಳಿಸಿದ ಮೇಲೆ ಜಂಕೆಟ್‌ಗಳ ಪ್ರಭಾವ ಕುಗ್ಗಿದೆ. ಸಂಯುಕ್ತ ಅರಬ್ ಸಂಸ್ಥಾನ 2024ರಲ್ಲಿ ತನ್ನ ಮೊದಲ ಕ್ಯಾಸಿನೊ ಪರವಾನಗಿ ನೀಡಿತು. ಭಾರತದಲ್ಲಿ ಕ್ಯಾಸಿನೊ ಮೇಲಿನ ಜಿಎಸ್‌ಟಿಯನ್ನು 2023ರ ಅಕ್ಟೋಬರ್ 1ರಿಂದ ಚಿಪ್ಪು ಕೊಳ್ಳಲು ಕೊಟ್ಟ ಪೂರ್ತಿ ಮೊತ್ತದ ಮೇಲೆ ಶೇ 28ರಂತೆ ವಿಧಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆದ್ದ ಚಿಪ್ಪನ್ನು ಮತ್ತೆ ಕಟ್ಟಿದರೆ ಹೊಸದಾಗಿ ಈ ತೆರಿಗೆ ಬೀಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ನೆಲದ ಮೇಲಿನ ಮತ್ತು ಹಡಗಿನ ಕ್ಯಾಸಿನೊಗಳು ಆಯಾ ರಾಜ್ಯಗಳ ಕಾಯ್ದೆಯಡಿ ಮುಂದುವರಿದಿವೆ. ಜೂಜಿನ ಚಟಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಚಿಕಿತ್ಸೆ ದೊರೆಯುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಸಲಹೆ ಪಡೆಯಬಹುದು.